ಕಥೆಯಲ್ಲದ ಪುಸ್ತಕಗಳು: ನಮ್ಮ ಸದಸ್ಯರ ಆಯ್ಕೆ

ಸಂಘದ ಕೊಡಿಯಾಲ್‌ಬೈಲ್ ಕಚೇರಿಯಲ್ಲಿ ಸದಸ್ಯರ ಉಪಯೋಗಕ್ಕಾಗಿ ಒಂದು ಪುಸ್ತಕದ ಕಪಾಟು ಇಡುವುದೆಂದು ಕಳೆದ ಮಹಾಸಭೆಯಲ್ಲಿ ತೀರ್ಮಾನವಾದುದು ಸದಸ್ಯ ಬಾಂಧವರಿಗೆ ತಿಳಿದೇ ಇದೆ. ಅದಕ್ಕೆ ಯಾವ ಪುಸ್ತಕ ಕೊಳ್ಳಬೇಕೆಂಬುದನ್ನು ಆಡಳಿತ ಮಂಡಳಿಯವರೇ ಕುಳಿತು ನಿರ್ಧರಿಸುವುದಕ್ಕಿಂತ ಸದಸ್ಯರನ್ನೇ ಕೇಳುವುದು ಲೇಸೆಂದು ನಮಗೆ ತೋರಿತು. ‘ಕಥೆ, ಕಾದಂಬರಿ, ಕವನಗಳನ್ನು ಬಿಟ್ಟು, ತಾವು ಓದಿ ಪ್ರಯೋಜನ ಪಡೆದ ಒಂದು ಪುಸ್ತಕದ ಹೆಸರನ್ನು ಕಾರಣಸಹಿತ ಬರೆದು ಕಳುಹಿಸಿರಿ’ ಎಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ನಾವು ಎಣಿಸಿದ್ದಕ್ಕಿಂತ ಹೆಚ್ಚೇ ಕಾಗದಗಳು ಬಂದಿವೆ.

ಬಂದ ಕಾಗದಗಳೆಲ್ಲ ಹೊಗಳಿಕೆಯವಲ್ಲ. ‘ಕೈಯಲ್ಲಿರುವ ಮೊಬೈಲಿನಲ್ಲಿ ಎಲ್ಲವೂ ಸಿಗುವಾಗ ಕಪಾಟಿಗೆ ಹಣ ಹಾಕುವುದು ದಂಡ. ಅದೇ ಹಣದಲ್ಲಿ ಸದಸ್ಯರಿಗೆ ಮೈಲುತುತ್ತಿನ ಮೇಲೆ ರಿಯಾಯಿತಿ ಕೊಡಿ’ ಎಂದು ಹಿರಿಯ ಸದಸ್ಯರೊಬ್ಬರು ಬರೆದಿದ್ದಾರೆ. ಇದು ತಳ್ಳಿಹಾಕುವ ಮಾತಲ್ಲ. ಇಳುವರಿ ಕುಸಿದ ವರ್ಷ ಒಂದೊಂದು ಕಿಲೋ ತುತ್ತಿನ ಬೆಲೆಯೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಬಂದ ಶಿಫಾರಸುಗಳನ್ನು ಇಲ್ಲಿ ವಾಚಕರ ಮುಂದಿಡುತ್ತ, ಈ ಪ್ರಶ್ನೆಗೂ ಉತ್ತರ ಸಿಗುತ್ತದೆಯೇ ಎಂದು ನೋಡೋಣ.

ಪುಸ್ತಕಕ್ಕೂ ಕೊಡಿಯಾಲ್‌ಬೈಲಿಗೂ ನಂಟು ಹೊಸತಲ್ಲ. ಇಲ್ಲಿಂದ ಏರು ಹತ್ತಿದರೆ ಬಲ್ಮಠ. ಅಲ್ಲಿಯ ಬಾಸೆಲ್ ಮಿಶನ್ನಿನವರ ಮುದ್ರಣಾಲಯದಿಂದಲೇ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿತು. ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಪ್ರಕಟವಾಯಿತು. ಅದಕ್ಕೂ ಮೊದಲು, 1883ರಲ್ಲಿ, ಏಸುಸಭೆಯ ಪಾದ್ರಿ ಮಾಫೆಯವರ ಇಂಗ್ಲಿಷ್–ಕೊಂಕಣಿ ನಿಘಂಟು ಅಚ್ಚಾದದ್ದು ಪ್ರೊಟೆಸ್ಟೆಂಟರದಾದ ಇದೇ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಪಂಥ ಬೇರೆಯಾದರೂ ಅಚ್ಚಿನ ಮೊಳೆ ಒಂದೇ! ಕೋರ್ಟು, ಬ್ಯಾಂಕು, ಆಸ್ಪತ್ರೆಯ ಕೆಲಸಕ್ಕೆಂದು ಊರಿನಿಂದ ಇಳಿದು ಬರುವ ನಮ್ಮ ಸದಸ್ಯರು ಮರಳಿ ಬಸ್ಸು ಹತ್ತುವ ಮೊದಲು ಒಂದು ಪುಸ್ತಕ ಒಯ್ಯುವಂತಾದರೆ ಅದು ಈ ಊರಿಗೆ ತಕ್ಕ ಕೆಲಸವೇ.

ಮಹಾಳಿಯ ಹಿಂದೆ ಹೋದವರು

ಪುಸ್ತಕ ಬೇಡ, ಮೈಲುತುತ್ತು ಕೊಡಿ ಎಂದವರಿಗೆ ಇನ್ನೊಬ್ಬ ಸದಸ್ಯರು ತಿಳಿಯದೆಯೇ ಉತ್ತರ ಕೊಟ್ಟಿದ್ದಾರೆ. ಅವರ ಆಯ್ಕೆ 1940ರಲ್ಲಿ ಬಂದ ಇ. ಸಿ. ಲಾರ್ಜ್ ಅವರ ಇಂಗ್ಲಿಷ್ ಪುಸ್ತಕ ‘ದಿ ಅಡ್ವಾನ್ಸ್ ಆಫ್ ದ ಫಂಗೈ’. ಬೆಳೆಗಳ ಮೇಲೆ ಬೂಷ್ಟು ರೋಗಗಳು ಹೇಗೆ ದಂಡೆತ್ತಿ ಬಂದವು, ಮನುಷ್ಯ ಅವನ್ನು ಹೇಗೆ ಅರಿತುಕೊಂಡ ಎಂಬ ಚರಿತ್ರೆ ಅದರಲ್ಲಿದೆ. 1845ರಲ್ಲಿ ಐರ್ಲೆಂಡಿನ ಬಟಾಟೆ ಗದ್ದೆಗಳನ್ನು ಕೊಳೆಸಿ ಕ್ಷಾಮ ತಂದ ರೋಗ, 1869ರಲ್ಲಿ ಸಿಲೋನಿನ ಕಾಫಿಗೆ ತಗಲಿ ಅಲ್ಲಿನವರು ಕಾಫಿ ಬಿಟ್ಟು ಚಹಕ್ಕೆ ತಿರುಗುವಂತೆ ಮಾಡಿದ ಎಲೆತುಕ್ಕು, ಎಲ್ಲವೂ ಅಲ್ಲಿ ಬರುತ್ತವೆ. ಬಟಾಟೆಯನ್ನು ಕೊಳೆಸಿದ ಫೈಟಾಫ್ತೊರವೂ ನಮ್ಮ ಅಡಿಕೆಯ ಮಹಾಳಿಯೂ ಒಂದೇ ಕುಲದವು.

ಮೈಲುತುತ್ತಿನ ಕಥೆಯೂ ಸ್ವಾರಸ್ಯದ್ದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ತುತ್ತು–ಸುಣ್ಣ ಬೆರೆಸಿ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಷ್ಟು ರೋಗ ಬಾರದಿದ್ದುದನ್ನು ಪ್ರೊಫೆಸರ್ ಮಿಲಾರ್ಡೆ ಕಂಡರು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಕಳ್ಳರ ಕಾಟಕ್ಕೆ ಮಾಡಿದ ಉಪಾಯ ಹೀಗೆ ಲೋಕದ ಬೆಳೆಗಾರರಿಗೆಲ್ಲ ಔಷಧಿಯಾಯಿತು.

ಅದು ನಮ್ಮ ಅಡಿಕೆಯ ಗೊನೆಗೆ ಬಂದ ಬಗೆಯನ್ನು ತಿಳಿಯಲು ಲೆಸ್ಲಿ ಕೋಲ್ಮನ್ ಎಂಬ ಹೆಸರನ್ನು ನೆನೆಯಬೇಕು. ಕೆನಡಾ ದೇಶದ ಈ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು. ಮಲೆನಾಡಿನ ಕೊಳೆರೋಗವನ್ನು ಅಭ್ಯಸಿಸಿ, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, 1910ರಲ್ಲಿ ಸರ್ಕಾರದ ಪುಸ್ತಿಕೆಯಾಗಿ ಹೊರತಂದರು. ಅಲ್ಲಿಯವರೆಗೆ ಗೊನೆಗಳಿಗೆ ಕೊಟ್ಟೆ ಕಟ್ಟುವುದೇ ಮಲೆನಾಡಿನವರಿಗೆ ಗೊತ್ತಿದ್ದ ಉಪಾಯ. ಮಳೆ ಹಿಡಿಯುವ ಮೊದಲೇ ದ್ರಾವಣ ಹೊಡೆಯಬೇಕೆಂಬ ಪದ್ಧತಿ ಬೇರೂರಿದ್ದು ಕೋಲ್ಮನ್ನರ ಕೆಲಸದಿಂದ.

ನಮ್ಮ ಸದಸ್ಯರು ಇದರಿಂದ ಕಲಿತುದೇನು? ಅವರದೇ ಮಾತಿನ ಸಾರ ಹೀಗಿದೆ: ‘ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬುದು ಬಾಯಿಪಾಠವಿತ್ತು, ಏಕೆಂದು ಗೊತ್ತಿರಲಿಲ್ಲ. ಔಷಧಿಯ ಕೆಲಸವೆಲ್ಲ ತುತ್ತಿನದು, ಆದರೆ ಸುಣ್ಣ ಕಡಿಮೆಯಾದರೆ ಅದೇ ತುತ್ತು ಕಾಯಿಯನ್ನು ಸುಡುತ್ತದೆ. ಬೀಜಾಣು ಮೊಳೆಯುವ ಮೊದಲೇ ಕಾಯಿಯ ಮೇಲೆ ದ್ರಾವಣದ ಪೊರೆ ಇರಬೇಕು. ರೋಗ ಒಳಹೊಕ್ಕ ಮೇಲೆ ಹೊಡೆದು ಫಲವಿಲ್ಲ. ಇದನ್ನು ತಿಳಿದ ಮೇಲೆ ನಾನು ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡದೆ ಪಂಪು ಹಿಡಿಯಲು ಬಿಡುವುದಿಲ್ಲ.’ ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ರಿಯಾಯಿತಿಯಲ್ಲಿ ಸಿಕ್ಕ ತುತ್ತೂ ತಪ್ಪು ದಿನದಲ್ಲಿ, ತಪ್ಪು ಅಳತೆಯಲ್ಲಿ ಹೊಡೆದರೆ ದಂಡವೇ ಅಲ್ಲವೇ?

ತೋಟದೊಳಗಿನ ಪರದೇಶಿಗಳು

ಹೆಚ್ಚು ಮಂದಿ ಹೆಸರಿಸಿದ ಲೇಖಕರಲ್ಲಿ ಡಾ. ಬಿ. ಜಿ. ಎಲ್. ಸ್ವಾಮಿಯವರು ಒಬ್ಬರು. ವಿದ್ಯಾರ್ಥಿಗಳೊಡನೆ ಕಾಡು ಅಲೆದು ಸಸ್ಯಗಳನ್ನು ಕಂಡ ಅನುಭವವನ್ನು ತಾವೇ ಬಿಡಿಸಿದ ಚಿತ್ರಗಳೊಂದಿಗೆ ಬರೆದ ‘ಹಸುರು ಹೊನ್ನು’ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಸಸ್ಯಶಾಸ್ತ್ರವನ್ನು ನಗುನಗುತ್ತ ಓದಬಹುದೆಂದು ಕನ್ನಡಿಗರಿಗೆ ತೋರಿಸಿಕೊಟ್ಟ ಪುಸ್ತಕ ಅದು. ಅವರದೇ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಓದಿದ ಸದಸ್ಯರೊಬ್ಬರು ಮರುದಿನ ತಮ್ಮ ಹಿತ್ತಿಲಿಗೆ ಹೋಗಿ ಲೆಕ್ಕ ಹಾಕಿದರಂತೆ. ಮೆಣಸಿನಕಾಯಿ, ಬಟಾಟೆ, ಟೊಮೇಟೊ, ಗೇರು, ಅನಾನಸು, ಪಪ್ಪಾಯಿ, ಪೇರಳೆ, ಕೊಕ್ಕೊ, ಎಲ್ಲವೂ ಅಮೆರಿಕಾ ಖಂಡಗಳಿಂದ ಬಂದವು. ಕಾಫಿ ಆಫ್ರಿಕಾದ್ದು. ಅಡಿಕೆಯೂ ಆಗ್ನೇಯ ಏಷ್ಯಾದ ಕಡೆಯಿಂದ ಬಂದುದೆಂದು ಶಾಸ್ತ್ರಜ್ಞರ ಮತ. ಕೊನೆಗೆ ‘ಇದು ನಮ್ಮ ಘಟ್ಟದ್ದೇ’ ಎಂದು ಎದೆ ತಟ್ಟಿ ಹೇಳಲು ಉಳಿದದ್ದು ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸು.

ಇದು ಬರಿಯ ತಮಾಷೆಯಲ್ಲ. ಬೆಳೆ ಬಂದು ಸೇರುತ್ತದೆ, ಬೇರು ಬಿಡುತ್ತದೆ, ಕೆಲವೊಮ್ಮೆ ಕೈಯನ್ನೂ ಕೊಡುತ್ತದೆ. ಕೊಕ್ಕೊ ನಮ್ಮ ಅಡಿಕೆ ತೋಟಗಳಿಗೆ ಮಿಶ್ರಬೆಳೆಯಾಗಿ ಬಂದು, ಬೆಲೆ ಕುಸಿದು, ಕೊನೆಗೆ 1986ರಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕೊಲೇಟು ಕಾರ್ಖಾನೆ ಆರಂಭವಾಗುವವರೆಗಿನ ಏರಿಳಿತವನ್ನು ನಮ್ಮಲ್ಲಿ ಹಲವರು ಕಣ್ಣಾರೆ ಕಂಡಿದ್ದಾರೆ. ಮುಂದೆ ಯಾವ ಬೆಳೆ ಎಂದು ಯೋಚಿಸುವವರಿಗೆ ಹಿಂದೆ ಯಾವುದು ಎಲ್ಲಿಂದ ಬಂತೆಂಬ ತಿಳಿವು ಬೇಕು.

ಕಾರಂತರು, ತೇಜಸ್ವಿಯವರು

ಪುತ್ತೂರಿನ ಕಡೆಯಿಂದ ಬಂದ ಕಾಗದಗಳಲ್ಲಿ ಡಾ. ಶಿವರಾಮ ಕಾರಂತರ ಹೆಸರಿಲ್ಲದೆ ಇರುವುದುಂಟೇ? ಕಾದಂಬರಿ ಬೇಡವೆಂದು ನಾವು ಹೇಳಿದ್ದರೂ ಅವರಿಗೆ ಕೊರತೆಯಾಗಿಲ್ಲ. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’, ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ಇನ್ನೊಬ್ಬರಾದರೆ ಒಂದು ಮಂಡಳಿಯನ್ನೇ ಕಟ್ಟಿಕೊಂಡು ಮಾಡುವ ಕೆಲಸವನ್ನು ಅವರು ಒಬ್ಬರೇ ಮಾಡಿದರು. ಅವರಿಗೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ಕಾದಂಬರಿಗಲ್ಲ, ‘ಯಕ್ಷಗಾನ ಬಯಲಾಟ’ ಎಂಬ ಸಂಶೋಧನ ಗ್ರಂಥಕ್ಕೆ. ಆಟ ನೋಡಿ ಬೆಳಗು ಮಾಡುವ ನಮ್ಮವರು ಆ ಆಟದ ಹಿಂದಿನ ವಿಚಾರವನ್ನೂ ಓದಬೇಕೆಂದು ಒಬ್ಬ ಸದಸ್ಯರ ಆಗ್ರಹ.

ಘಟ್ಟದ ಮೇಲಿನ ಕಾಫಿ ಸದಸ್ಯರ ಆಯ್ಕೆ, ಊಹಿಸಬಹುದಾದಂತೆ, ಪೂರ್ಣಚಂದ್ರ ತೇಜಸ್ವಿಯವರು. ಮೂಡಿಗೆರೆಯಲ್ಲಿ ತಾವೇ ಕಾಫಿ ಬೆಳೆದವರಾದ್ದರಿಂದ ‘ಪರಿಸರದ ಕತೆ’ಯಲ್ಲಿ ಬರುವ ನಾಯಿ, ಕಾಡು, ಆಳುಗಳ ಮಾತು, ಯಾವುದೂ ನಮಗೆ ಹೊರಗಿನದೆನಿಸುವುದಿಲ್ಲ. ಜಪಾನಿನ ಫುಕುವೊಕಾರ ವಿಚಾರವನ್ನು ಕನ್ನಡದ ಬೆಳೆಗಾರರಿಗೆ ಪರಿಚಯಿಸಿದವರಲ್ಲಿ ಅವರೂ ಒಬ್ಬರು.

ಫುಕುವೊಕಾರ ‘ಒಂದು ಹುಲ್ಲಿನ ಕ್ರಾಂತಿ’ಯ ಬಗ್ಗೆ ಮಾತ್ರ ನಮ್ಮ ಸದಸ್ಯರಲ್ಲಿ ಎರಡು ಪಕ್ಷವಾಗಿದೆ. ಅದನ್ನು ಓದಿ ಅಗತೆ ನಿಲ್ಲಿಸಿ, ಸೋಗೆ–ಸೊಪ್ಪನ್ನೆಲ್ಲ ಬುಡಕ್ಕೇ ಮುಚ್ಚಿದ್ದರಿಂದ ಬೇಸಗೆಯಲ್ಲಿ ನೀರಿನ ಖರ್ಚು ಇಳಿಯಿತೆಂದು ಒಬ್ಬರು. ಏನೂ ಮಾಡದೆ ಕೂತರೆ ಬೆಳೆ ಬರುತ್ತದೆಂದು ಯಾರದೋ ಬಾಯಿಂದ ಕೇಳಿ ತಮ್ಮ ನೆರೆಯವರು ತೋಟ ಕೆಡಿಸಿಕೊಂಡರೆಂದು ಇನ್ನೊಬ್ಬರು. ಪುಸ್ತಕವನ್ನು ಪೂರ್ತಿ ಓದಿದವರಿಗೆ ಎರಡನೆಯ ಗತಿ ಬರಬೇಕಾಗಿರಲಿಲ್ಲ. ಸವರುವುದನ್ನು ಒಮ್ಮೆಲೇ ಕೈಬಿಟ್ಟು ತಮ್ಮ ತಂದೆಯ ಕಿತ್ತಳೆ ಗಿಡಗಳನ್ನು ಕೆಡಿಸಿದ್ದನ್ನು ಫುಕುವೊಕಾರೇ ಅದರಲ್ಲಿ ಬರೆದಿದ್ದಾರೆ. ಸಹಜ ಕೃಷಿ ಬೇರೆ, ಪಾಳು ಬಿಡುವುದು ಬೇರೆ ಎಂದು ಎಚ್ಚರಿಸಿದ್ದಾರೆ. ಮೇಲಾಗಿ ಅವರು ಮೊದಲು ಸಸ್ಯರೋಗಗಳ ಶಾಸ್ತ್ರ ಓದಿದವರು. ಕೇಳಿದ ಮಾತಿನಲ್ಲಿ ಇವೆಲ್ಲ ಉದುರಿಹೋಗುತ್ತವೆ, ಪುಸ್ತಕದಲ್ಲಿ ಉಳಿಯುತ್ತವೆ.

ಗಡಿಯಾಚೆಯಿಂದ ಒಂದು ಕಾಗದ

ಕಾಸರಗೋಡಿನ ಕಡೆಯ ಕನ್ನಡಿಗ ಸದಸ್ಯರೊಬ್ಬರು ರೇಚಲ್ ಕಾರ್ಸನ್ನರ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕವನ್ನು ಸೂಚಿಸಿದ್ದಾರೆ. ಕೀಟನಾಶಕಗಳು ಕೀಟಗಳನ್ನಷ್ಟೇ ಅಲ್ಲದೆ ಹಕ್ಕಿ, ಮೀನು, ಮನುಷ್ಯರನ್ನೂ ಹೇಗೆ ಮುಟ್ಟುತ್ತವೆಂದು 1962ರಲ್ಲೇ ಅಮೆರಿಕಾದ ಆ ಮಹಿಳೆ ಆಧಾರಸಹಿತ ತೋರಿಸಿದರು. ಎಣ್ಮಕಜೆ, ಪಡ್ರೆ ಮೊದಲಾದ ಊರುಗಳ ಗುಡ್ಡೆಗಳ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದುದು 1970ರ ದಶಕದ ಕೊನೆಯಿಂದ 2000ದವರೆಗೆ. ಕರುಗಳು ಊನಗೊಂಡು ಹುಟ್ಟುತ್ತಿವೆಯೆಂದು ಆ ಊರಿನವರೇ ಆದ ಪತ್ರಕರ್ತ ಶ್ರೀ ಪಡ್ರೆಯವರು ಬಹಳ ಹಿಂದೆಯೇ ಬರೆದಿದ್ದರು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ನಡುವೆ ಹುಟ್ಟಿದ ಮಕ್ಕಳ ಕಷ್ಟವನ್ನು ನಾವು ಇಲ್ಲಿ ವಿವರಿಸಬೇಕಾಗಿಲ್ಲ. ‘ಈ ಪುಸ್ತಕ ನಮ್ಮೂರಿನ ನಾಲ್ಕು ಜನರ ಕೈಗೆ ಮೊದಲೇ ಸಿಕ್ಕಿದ್ದರೆ ನಾವು ಬೇಗ ಪ್ರಶ್ನೆ ಕೇಳುತ್ತಿದ್ದೆವೋ ಏನೋ’ ಎಂದು ಈ ಸದಸ್ಯರು ಬರೆದ ಒಂದು ವಾಕ್ಯ ನಮ್ಮ ಮನಸ್ಸಿನಲ್ಲಿ ನಿಂತಿದೆ.

ಬಾಯಲ್ಲಿ ಹೇಳಲಾಗದ್ದು

ತೋಟಕ್ಕೆ ಸಂಬಂಧವಿಲ್ಲದ ಪುಸ್ತಕಗಳೂ ಬಂದಿವೆ. ಅವುಗಳಲ್ಲಿ ಕೆಲವು ನಮಗೆ ಹೆಚ್ಚು ಹಿಡಿಸಿದವು. ಮಹಿಳಾ ಸದಸ್ಯರೊಬ್ಬರು ಡಾ. ಅನುಪಮಾ ನಿರಂಜನರ ‘ಕೇಳು ಕಿಶೋರಿ’ಯನ್ನು ಹೆಸರಿಸಿದ್ದಾರೆ. ಮಗಳು ದೊಡ್ಡವಳಾಗುವ ಹೊತ್ತಿಗೆ ಮೈಯ ವಿಷಯ ಹೇಳಲು ತಮಗೆ ಬಾಯಿ ಬರಲಿಲ್ಲವೆಂದೂ, ಈ ಪುಸ್ತಕವನ್ನು ಅವಳ ಶಾಲೆಯ ಚೀಲದಲ್ಲಿಟ್ಟು ಸುಮ್ಮನಾದೆನೆಂದೂ, ಅವಳು ಓದಿ ಮುಗಿಸಿದ ಮೇಲೆ ತಾನೇ ಬಂದು ಮಾತನಾಡಿದಳೆಂದೂ ಬರೆದಿದ್ದಾರೆ. ವೈದ್ಯೆಯಾಗಿದ್ದ ಲೇಖಕಿಯ ‘ತಾಯಿ ಮಗು’ ಪುಸ್ತಕವೂ ಕಪಾಟಿನಲ್ಲಿರಲೆಂದು ಅವರ ಸೂಚನೆ. ಎರಡನ್ನೂ ಒಪ್ಪಿಕೊಂಡಿದ್ದೇವೆ.

ಕಾಡುಹಂದಿ ಕಾಯಲು ರಾತ್ರಿ ತೋಟದಲ್ಲಿ ಕೂರುವ ಯುವ ಸದಸ್ಯರೊಬ್ಬರ ಆಯ್ಕೆ ಜಿ. ಟಿ. ನಾರಾಯಣ ರಾಯರ ನಕ್ಷತ್ರ ವೀಕ್ಷಣೆಯ ಬರಹಗಳು. ಆರಿದ್ರಾ ಮಳೆ, ಪುಷ್ಯ ಮಳೆ, ಮಘೆ ಮಳೆ ಎಂದು ನಾವು ದಿನವೂ ಆಡುತ್ತೇವೆ. ಆ ನಕ್ಷತ್ರ ಯಾವುದೆಂದು ಬೆರಳಿಟ್ಟು ತೋರಿಸಬಲ್ಲವರೆಷ್ಟು ಮಂದಿ? ಸೂರ್ಯನು ಯಾವ ನಕ್ಷತ್ರದ ಬಳಿ ಇರುವನೋ ಅದೇ ಆಗಿನ ಮಳೆಯ ಹೆಸರು. ಹಾಗಾಗಿ ಆರಿದ್ರಾ ಮಳೆ ಸುರಿಯುವಾಗ ಮೋಡ ಸರಿದರೂ ಆರಿದ್ರಾ ನಕ್ಷತ್ರ ಕಾಣದು. ಅದು ಹಗಲು ಸೂರ್ಯನ ಜೊತೆಗಿರುತ್ತದೆ. ಅದನ್ನು ನೋಡಬೇಕಾದರೆ ಚಳಿಗಾಲದ ರಾತ್ರಿ, ಅಡಿಕೆ ಅಂಗಳದಲ್ಲಿ ಒಣಗುವ ಕಾಲಕ್ಕೆ, ಮಹಾವ್ಯಾಧನ ಹೆಗಲಿನಲ್ಲಿ ಕೆಂಪಾಗಿ ಹೊಳೆಯುವ ತಾರೆಯನ್ನು ಹುಡುಕಬೇಕು. 1975ರಿಂದ 2012ರವರೆಗೆ ಮಂಗಳೂರಿನಲ್ಲಿದ್ದ ಅತ್ರಿ ಬುಕ್ ಸೆಂಟರಿನಿಂದ ತಮ್ಮ ತಂದೆ ಇಂತಹ ಪುಸ್ತಕಗಳನ್ನು ತರುತ್ತಿದ್ದರೆಂದು ಇವರು ನೆನೆದಿದ್ದಾರೆ.

ಚರಿತ್ರೆಯಲ್ಲಿ ಆಸಕ್ತಿಯುಳ್ಳವರು ಫ್ರಾನ್ಸಿಸ್ ಬುಕಾನನ್ನನ ಪ್ರವಾಸ ಗ್ರಂಥವನ್ನು ಸೂಚಿಸಿದ್ದಾರೆ. ಟಿಪ್ಪುವಿನ ಪತನವಾದ ಮರುವರ್ಷ, 1800ರಲ್ಲಿ, ಕಂಪೆನಿ ಸರ್ಕಾರದ ಅಪ್ಪಣೆಯಂತೆ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ಅವನು ಬರೆದದ್ದು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಗದ್ದೆ, ತೋಟ, ಗೇಣಿ, ಕೂಲಿ, ಬೆಲೆ ಎಲ್ಲವನ್ನೂ ಕೇಳಿ ಬರೆದುಕೊಂಡವನು. ಕಂದಾಯ ವಸೂಲಿಯ ಕಣ್ಣಿನಿಂದ ಬರೆದದ್ದೆಂಬುದನ್ನು ನೆನಪಿಟ್ಟು ಓದಿದರೆ ನಮ್ಮ ಮುತ್ತಜ್ಜಂದಿರ ಬೇಸಾಯ ಅಲ್ಲಿ ಸಿಗುತ್ತದೆ. ತುಳು ಮಾತಿನ ಸಂಪತ್ತನ್ನು ಬಲ್ಲ ಇನ್ನೊಬ್ಬರು ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರವರೆಗೆ ಹೊರಬಂದ ತುಳು ನಿಘಂಟಿನ ಆರು ಸಂಪುಟಗಳನ್ನು ತರಿಸಿರೆಂದಿದ್ದಾರೆ. ಬೆಲೆ ವಿಚಾರಿಸುತ್ತಿದ್ದೇವೆ.

ನಮಗೆ ಕಹಿಯಾದ ಪುಸ್ತಕ

ಇನ್ನೊಂದು ಶಿಫಾರಸನ್ನು ಪ್ರಕಟಿಸಬೇಕೇ ಬೇಡವೇ ಎಂದು ಆಡಳಿತ ಮಂಡಳಿಯಲ್ಲಿ ಸಾಕಷ್ಟು ಚರ್ಚೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ವಿಭಾಗವು 2004ರಲ್ಲಿ ಪ್ರಕಟಿಸಿದ, ಎಲೆಯಡಿಕೆಯನ್ನು ಕುರಿತ 85ನೆಯ ಸಂಪುಟವನ್ನು ತರಿಸಬೇಕೆಂದು ಪದವೀಧರ ಸದಸ್ಯರೊಬ್ಬರು ಬರೆದಿದ್ದರು. ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ, ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿದವೆಂದು ತೀರ್ಮಾನಿಸಿದ ಗ್ರಂಥ ಅದು. ‘ನಮ್ಮ ಅನ್ನಕ್ಕೆ ಕಲ್ಲು ಹಾಕುವ ಪುಸ್ತಕವನ್ನು ನಮ್ಮದೇ ಹಣದಿಂದ ಕೊಳ್ಳುವುದೇ?’ ಎಂದು ಕೇಳಿದವರಿದ್ದಾರೆ. ಅವರ ನೋವು ನಮಗೆ ಅರ್ಥವಾಗದ್ದಲ್ಲ. ನಮ್ಮ ಮನೆಯ ಒಲೆ ಉರಿಯುವುದೂ ಅಡಿಕೆಯಿಂದಲೇ.

ಆದರೂ ಅದನ್ನು ಇಡಬೇಕೆಂದೇ ನಮ್ಮ ಅಭಿಪ್ರಾಯ. ಅಡಿಕೆಯ ಮೇಲಿನ ಪ್ರತಿಯೊಂದು ಚರ್ಚೆಯಲ್ಲಿಯೂ ಎದುರು ಕೂತವರು ಈ ಗ್ರಂಥವನ್ನೇ ಎತ್ತಿ ತೋರಿಸುತ್ತಾರೆ. ಅದರಲ್ಲಿ ಏನಿದೆಯೆಂದು ತಿಳಿಯದೆ ‘ಸುಳ್ಳು’ ಎಂದು ಕೂಗಿದರೆ ಯಾರೂ ಕಿವಿಗೊಡರು. ಓದಿದವರಿಗೆ ಮಾತ್ರ ಹೇಳಲು ಸಾಧ್ಯವಾಗುವ ವಿಷಯಗಳಿವೆ. ಉದಾಹರಣೆಗೆ, ಆ ವರ್ಗೀಕರಣ ಹೇಳುವುದು ಆಧಾರ ಎಷ್ಟು ಗಟ್ಟಿ ಎಂಬುದನ್ನು, ಎಷ್ಟು ತಿಂದರೆ ಎಷ್ಟು ಅಪಾಯ ಎಂಬುದನ್ನಲ್ಲ. ಇದು ನಮಗೆ ಅನುಕೂಲದ ಮಾತು. ದಿನವಿಡೀ ಅಗಿಯುವವರ ಬಾಯಲ್ಲಿ ಕಾಣುವ ರೋಗದ ವಿವರವೂ ಅದರಲ್ಲಿದೆ. ಅದು ಅನುಕೂಲದ ಮಾತಲ್ಲ. ನಮ್ಮ ಮನೆಯಲ್ಲೇ ಹಾಳೆಚೀಲ ಸೊಂಟಕ್ಕೆ ಕಟ್ಟಿ ಅಗಿಯುವ ಹಿರಿಯರ ವಿಷಯ. ಬೆಳೆಗಾರರಿಗೆ ಎರಡನ್ನೂ ತಿಳಿಯುವ ಹಕ್ಕಿದೆ. ಅಡಿಕೆಗೆ ಬೇರೆ ಉಪಯೋಗಗಳನ್ನು ಹುಡುಕಬೇಕೆಂದು, ತೋಟದಲ್ಲಿ ಮೆಣಸು, ಕೊಕ್ಕೊ, ಜಾಯಿಕಾಯಿ ಜೊತೆಗಿರಬೇಕೆಂದು ಸಂಘವು ಒತ್ತಿ ಹೇಳುತ್ತಿರುವುದರ ಹಿಂದಿನ ಕಾರಣವೂ ಆಗ ಸ್ಪಷ್ಟವಾಗುತ್ತದೆ.

ಹಣದ ಪ್ರಶ್ನೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಸಹಕಾರಿ ಅಂಗಡಿ ತೆರೆದವರು ನಮ್ಮಂತೆಯೇ ಸಣ್ಣವರು, ಅವರಲ್ಲಿ ಹಲವರು ನೇಕಾರರು. ಮಿಕ್ಕ ಲಾಭದಲ್ಲಿ ನೂರಕ್ಕೆ ಎರಡೂವರೆಯಂತೆ ವಿದ್ಯೆಗೆಂದು ತೆಗೆದಿಡುವ ನಿಯಮ ಮಾಡಿ, ಅಂಗಡಿಯ ಮೇಲೆಯೇ ವಾಚನಾಲಯ ನಡೆಸಿದರು. ಹೋಲಿಯೋಕ್ ಬರೆದ ಅವರ ಚರಿತ್ರೆಯನ್ನೂ ನಮ್ಮ ಸದಸ್ಯರೊಬ್ಬರು ಸೂಚಿಸಿದ್ದಾರೆ. ಅಮುಲ್‌ನ ವರ್ಗೀಸ್ ಕುರಿಯನ್ನರ ಆತ್ಮಕಥೆಯನ್ನು ಇಬ್ಬರು. ನಮ್ಮ ಜಿಲ್ಲೆಯಲ್ಲಿ ಮೊಳಹಳ್ಳಿ ಶಿವರಾಯರು ಸಹಕಾರದ ಬೀಜ ಬಿತ್ತಿದರು. ಅವರ ಮುಂದಾಳ್ತನದಲ್ಲಿ 1914ರಲ್ಲಿ ಹುಟ್ಟಿದ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಪ್ರಧಾನ ಕಚೇರಿ ಇಂದು ಇದೇ ಕೊಡಿಯಾಲ್‌ಬೈಲಿನಲ್ಲಿದೆ. ಸದಸ್ಯರ ಶಿಕ್ಷಣ ಎಂಬುದು ಸಹಕಾರದ ಏಳು ತತ್ವಗಳಲ್ಲಿ ಒಂದು; ಮೇಲಿನ ಅಲಂಕಾರವಲ್ಲ.

ಮೊಬೈಲನ್ನು ನಾವು ಹಳಿಯುತ್ತಿಲ್ಲ. ಮಳೆಯ ಮುನ್ಸೂಚನೆ, ಧಾರಣೆ ಎರಡಕ್ಕೂ ಅದು ಬೇಕು. ಆದರೆ ಎಲೆಚುಕ್ಕಿ ರೋಗ ಹಬ್ಬಿದ ಈ ವರ್ಷಗಳಲ್ಲಿ ‘ಇಂಥದ್ದನ್ನು ಇಂಥದ್ದರ ಜೊತೆ ಬೆರೆಸಿ ಹೊಡೆಯಿರಿ, ಹದಿನೈದು ದಿನದಲ್ಲಿ ಮಾಯ’ ಎಂಬ ಸಂದೇಶಗಳು ಎಷ್ಟು ಬಂದಿವೆ! ಯಾರು ಹೇಳಿದ್ದು, ಎಷ್ಟು ಮರದಲ್ಲಿ ನೋಡಿದ್ದು, ಹೊಡೆಯದೆ ಬಿಟ್ಟ ಮರ ಏನಾಯಿತು, ಯಾವುದೂ ಅದರಲ್ಲಿ ಇರುವುದಿಲ್ಲ. ಕೋಲ್ಮನ್, ಕಾರ್ಸನ್, ಸ್ವಾಮಿ, ಇವರ ವಿಷಯಗಳು ಬೇರೆ ಬೇರೆಯಾದರೂ ತಮಗೆ ಅದು ಹೇಗೆ ಗೊತ್ತಾಯಿತೆಂಬುದನ್ನು ಮುಚ್ಚಿಡದೆ ಹೇಳಿದವರು. ಆ ಅಭ್ಯಾಸ ಓದುಗನಿಗೂ ಅಂಟುತ್ತದೆ. ಅಂಗಡಿಯವನು ಡಬ್ಬಿ ತೋರಿಸಿದಾಗ ‘ಹೇಗೆ ಗೊತ್ತು?’ ಎಂದು ಕೇಳುವ ಬೆಳೆಗಾರನಿಗೆ ಕಪಾಟಿನ ಖರ್ಚು ಒಂದೇ ಮಳೆಗಾಲದಲ್ಲಿ ಮರಳಿ ಬರುತ್ತದೆ.

ಸದಸ್ಯರಲ್ಲಿ ವಿನಂತಿ

ಪುಸ್ತಕಗಳನ್ನು ಕಚೇರಿಯ ವೇಳೆಯಲ್ಲಿ ಸದಸ್ಯತ್ವದ ಸಂಖ್ಯೆ ಬರೆಸಿ ಒಯ್ಯಬಹುದು. ಒಂದು ತಿಂಗಳೊಳಗೆ ಮರಳಿಸಬೇಕು. ಇಂಗ್ಲಿಷ್ ಪುಸ್ತಕ ಓದಿದವರು ಅದರ ಸಾರವನ್ನು ಎರಡು ಪುಟದ ಕನ್ನಡದಲ್ಲಿ ಬರೆದುಕೊಟ್ಟರೆ ಈ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ. ಇದರಿಂದ ಆ ಭಾಷೆ ಬಾರದ ಸದಸ್ಯರಿಗೂ ಪ್ರಯೋಜನವಾಗುತ್ತದೆ.

ಕಪಾಟಿನ ಕೆಳಗಿನ ಅರೆಯನ್ನು ಖಾಲಿ ಬಿಟ್ಟಿದ್ದೇವೆ. ಅದು ನಿಮ್ಮ ನೋಟು ಪುಸ್ತಕಗಳಿಗೆ. ಯಾವ ದಿನ ದ್ರಾವಣ ಹೊಡೆದಿರಿ, ಆ ವಾರ ಎಷ್ಟು ಮಳೆ ಬಂತು, ಎಷ್ಟು ಗೊನೆ ಉದುರಿತು, ಎಲೆಚುಕ್ಕಿ ಮೊದಲು ಕಂಡದ್ದು ತೋಟದ ಯಾವ ಮೂಲೆಯಲ್ಲಿ ಎಂದು ಈ ಮಳೆಗಾಲದಿಂದಲೇ ಬರೆದಿಡಿ. ಸಾಮಾನ್ಯ ನೂರು ಪುಟದ ಪುಸ್ತಕ ಸಾಕು. ಬೇಕಾದವರಿಗೆ ಕಚೇರಿಯಲ್ಲಿ ಉಚಿತವಾಗಿ ಕೊಡಲಾಗುವುದು. ವರ್ಷದ ಕೊನೆಗೆ ತಂದೊಪ್ಪಿಸಿದರೆ ಎಲ್ಲವನ್ನೂ ಒಟ್ಟಿಗಿಟ್ಟು ನೋಡೋಣ. ನಮ್ಮ ತೋಟಗಳ ಬಗ್ಗೆ ನಾವೇ ಬರೆದ ಪುಸ್ತಕವೂ ಆ ಕಪಾಟಿನಲ್ಲಿ ಇರಬೇಕಷ್ಟೆ.